ಕಡಲಿಗೆ ಬಾಗಿಲು ತೆರೆದ ಮನೆಯನ್ನು ಗೋಡೆಯ ಹಿಂದೆ ನಿಲ್ಲಿಸಬೇಡಿ

ಮಿಯಾಮಿ-ಡೇಡ್ ಕೌಂಟಿಯ ಮೇಯರ್ ಹಾಗೂ ಕಮಿಷನರ್‌ಗಳಿಗೆ,
ವಿಸ್ಕಾಯಾ ಬಂಗಲೆ ಮತ್ತು ಉದ್ಯಾನವನ್ನು ನೋಡಿಕೊಳ್ಳುತ್ತಿರುವ ಟ್ರಸ್ಟಿನ ಪದಾಧಿಕಾರಿಗಳಿಗೆ,

ಮಾನ್ಯರೇ,

ನಾನು ನಿಮ್ಮ ಕೌಂಟಿಯ ನಿವಾಸಿ, ವೃತ್ತಿಯಲ್ಲಿ ಸಿವಿಲ್ ಎಂಜಿನಿಯರ್, ಮಾತೃಭಾಷೆ ಕನ್ನಡ. ಇದೇ ಪತ್ರದ ಇಂಗ್ಲಿಷ್ ಪ್ರತಿ ಅಂಚೆಯ ಮೂಲಕ ನಿಮ್ಮ ಕಚೇರಿಗಳನ್ನು ತಲುಪಲಿದೆ. ಕನ್ನಡದಲ್ಲಿಯೂ ಇದನ್ನು ಎಲ್ಲರೆದುರು ಇಡುವುದಕ್ಕೆ ಕಾರಣವಿದೆ. ದಕ್ಷಿಣ ಫ್ಲಾರಿಡಾದಲ್ಲಿ ನೆಲೆಸಿರುವ ಕನ್ನಡಿಗರು ಅಪ್ಪ ಅಮ್ಮ ಬಂದಾಗ, ನೆಂಟರಿಷ್ಟರು ಬಂದಾಗ ತಪ್ಪದೆ ಕರೆದುಕೊಂಡು ಹೋಗುವ ಜಾಗಗಳಲ್ಲಿ ವಿಸ್ಕಾಯಾ ಒಂದು. ಮಕ್ಕಳ ಜೊತೆ ಅಲ್ಲಿ ತೆಗೆಸಿಕೊಂಡ ಚಿತ್ರ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಆ ಬಂಗಲೆಯೂ ತೋಟವೂ ಕೌಂಟಿಯ ಆಸ್ತಿ. ಅಂದರೆ ತೆರಿಗೆ ಕಟ್ಟುವ ನಮ್ಮೆಲ್ಲರ ಆಸ್ತಿ. ಅದರ ಮುಂದಿನ ಗತಿ ಏನು ಎಂದು ಕೇಳುವ ಹೊಣೆ ನಮ್ಮ ಮೇಲೂ ಇದೆ. ಏರುತ್ತಿರುವ ಕಡಲಿನಿಂದ ಕಾಪಾಡುವ ಹೆಸರಿನಲ್ಲಿ ಅದರ ಮುಂದೆ ಎತ್ತರದ ಗೋಡೆ ಎದ್ದು ನಿಲ್ಲಬಾರದು ಎಂಬುದೇ ನನ್ನ ಮನವಿ.

ಕಳೆದ ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ನನ್ನ ಸೋದರತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ವರ್ಷದ ಅತಿ ದೊಡ್ಡ ಉಬ್ಬರಗಳು ಬರುವ ಕಾಲ ಅದು. ಇಲ್ಲಿನವರು ಕಿಂಗ್ ಟೈಡ್ ಎಂದು ಕರೆಯುವ ದಿನಗಳು. ಮನೆಯ ಕೋಣೆಗಳನ್ನೆಲ್ಲ ನೋಡಿ ಮುಗಿಸಿ ಪೂರ್ವದ ಕಮಾನುಗಳನ್ನು ದಾಟಿ ಕೊಲ್ಲಿಯ ಕಡೆಯ ಕಲ್ಲುಹಾಸಿಗೆ ಬಂದೆವು. ಗಾಳಿ ಇರಲಿಲ್ಲ, ಮೋಡವೂ ಇರಲಿಲ್ಲ. ಆದರೂ ನೀರಿಗಿಳಿಯುವ ಮೆಟ್ಟಿಲುಗಳಲ್ಲಿ ಕೆಳಗಿನವು ಕಾಣುತ್ತಿರಲಿಲ್ಲ. ಬಿಸ್ಕೇನ್ ಕೊಲ್ಲಿಯ ನೀರು ಸದ್ದಿಲ್ಲದೆ ಏರಿ, ಹಾಲು ಉಕ್ಕುವ ಮುನ್ನ ಪಾತ್ರೆಯ ಕಂಠಕ್ಕೆ ಬಂದು ನಿಲ್ಲುವಂತೆ ನಿಂತಿತ್ತು. ಅತ್ತೆ ಸುತ್ತ ನೋಡಿ, "ಹಿತ್ತಿಲೇ ಇಷ್ಟು ಚೆಂದ ಇದೆಯಲ್ಲ!" ಎಂದರು.

ಅವರ ತಪ್ಪೇನೂ ಇಲ್ಲ. ಪಶ್ಚಿಮದ ರಸ್ತೆಯ ಕಡೆಯಿಂದ, ಕಾರು ನಿಲ್ಲಿಸುವ ಜಾಗದಿಂದ, ಕಾಡಿನ ದಾರಿಯಲ್ಲಿ ನಡೆದು ಬಂದವರಿಗೆ ಮನೆ ಮೊದಲು ತೋರಿಸುವುದು ತನ್ನ ಪಶ್ಚಿಮದ ಮುಖವನ್ನು. ಕಡಲು ಕೊನೆಯಲ್ಲಿ ಸಿಗುತ್ತದೆ, ಬೆನ್ನ ಹಿಂದಿನ ಚಿತ್ರಪಟದ ಹಾಗೆ. ಅಂದು ಆ ಕಲ್ಲುಹಾಸಿನ ಮೇಲೆ ಇದ್ದವರಲ್ಲಿ ಬಹುಪಾಲು ಜನ ನೀರಿಗೆ ಬೆನ್ನು ಮಾಡಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಆದರೆ ಅತ್ತೆ ಹಿತ್ತಿಲು ಎಂದದ್ದು ವಿಸ್ಕಾಯಾದ ಹೆಬ್ಬಾಗಿಲು. ಈ ಪತ್ರದಲ್ಲಿ ನಾನು ಹೇಳಬೇಕಾದದ್ದೆಲ್ಲ ಆ ಒಂದು ಮಾತಿನಿಂದಲೇ ಹುಟ್ಟಿದೆ.

ನಿಮಗೆ ತಿಳಿದಿರುವ ಸಂಗತಿಗಳನ್ನೇ ಸ್ವಲ್ಪ ನೆನಪಿಸುತ್ತೇನೆ. ಕನ್ನಡದ ಓದುಗರಿಗೆ ಅವು ಹೊಸವು. ಕೃಷಿ ಯಂತ್ರಗಳ ಉದ್ಯಮದಿಂದ ಶ್ರೀಮಂತವಾದ ಮನೆತನದ ಜೇಮ್ಸ್ ಡೀರಿಂಗ್, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಉಪಾಧ್ಯಕ್ಷನಾಗಿದ್ದವನು, ಚಳಿಗಾಲವನ್ನು ಬೆಚ್ಚನೆಯ ನಾಡಿನಲ್ಲಿ ಕಳೆಯಲೆಂದು ಕೋಕನಟ್ ಗ್ರೋವ್ ಬಳಿ ಮೇರಿ ಬ್ರಿಕೆಲ್ ಅವರಿಂದ ಜಮೀನು ಕೊಂಡ. ಒಟ್ಟು ಎಸ್ಟೇಟು ಸುಮಾರು 180 ಎಕರೆ. 1914ರಲ್ಲಿ ಕೆಲಸ ಆರಂಭವಾಯಿತು. 1916ರ ಕ್ರಿಸ್‌ಮಸ್ ದಿನ ಡೀರಿಂಗ್ ತನ್ನ ವಿಹಾರನೌಕೆಯಲ್ಲಿ ಬಂದು, ನೀರಿನ ಕಡೆಯಿಂದಲೇ ಮನೆ ಹೊಕ್ಕ. ಮನೆ ಕಟ್ಟಿಸಿದವನೇ ಯಾವ ಬಾಗಿಲಿನಿಂದ ಒಳಗೆ ಬಂದ ಎಂಬುದು ಸಣ್ಣ ವಿಷಯವಲ್ಲ. ಕಲಾ ನಿರ್ದೇಶಕ ಪಾಲ್ ಚಾಲ್ಫಿನ್, ವಾಸ್ತುಶಿಲ್ಪಿ ಬರಲ್ ಹಾಫ್‌ಮನ್ ಇಬ್ಬರೂ ಇಟಲಿಯ ವೆನೆಟೊ ಪ್ರಾಂತ್ಯದ ವಿಲ್ಲಾಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ನೀರಿನಿಂದ ಬರುವವರಿಗಾಗಿ ಈ ಮನೆಯನ್ನು ರೂಪಿಸಿದರು. ನಾಲ್ಕು ದಿಕ್ಕಿನ ನಾಲ್ಕು ಮುಖಗಳು ನಾಲ್ಕು ಬಗೆ. ಅವುಗಳಲ್ಲಿ ಕೊಲ್ಲಿಯ ಕಡೆಯ ಪೂರ್ವ ಮುಖವೇ ಹೆಚ್ಚು ಗಂಭೀರವಾದದ್ದು, ಸಮತೂಕದ್ದು.

ನಮ್ಮ ಕಡೆಯವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಇದೊಂದು ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಮೊಗಸಾಲೆ, ಅದರಾಚೆಗೆ ಕೋಣೆಗಳು. ಪೂರ್ವದ ಕಮಾನುಗಳಿಂದ ನುಗ್ಗಿದ ಕಡಲ ಗಾಳಿ ಅಂಗಳವನ್ನು ಹಾದು, ಮೇಲಕ್ಕೆ ಏರಿ ಹೋಗಬೇಕು. ಬಿಸಿಲಿನ ನಾಡಿನಲ್ಲಿ ಮನೆ ಉಸಿರಾಡುವ ರೀತಿಯೇ ಅದು. 1980ರ ದಶಕದಲ್ಲಿ ಅಂಗಳದ ಮೇಲೆ ಗಾಜಿನ ಮಾಡು ಬಂತು. 2012ರಲ್ಲಿ ಅದನ್ನು ಹೊಸದಾಗಿ ಮಾಡಲಾಯಿತು. ಒಳಗಿರುವ ಪೀಠೋಪಕರಣ, ನೇಯ್ಗೆಯ ಪರದೆ, ವರ್ಣಚಿತ್ರಗಳನ್ನು ಉಪ್ಪುಗಾಳಿಯಿಂದಲೂ ತೇವದಿಂದಲೂ ಕಾಪಾಡಲು ಬೇರೆ ದಾರಿ ಇರಲಿಲ್ಲ ಎಂಬುದನ್ನು ಎಂಜಿನಿಯರ್ ಆಗಿ ನಾನು ಒಪ್ಪುತ್ತೇನೆ. ಆದರೆ ಆ ದಿನದಿಂದ ಮನೆಗೂ ಕಡಲಿಗೂ ಇದ್ದ ಒಂದು ನಂಟು ಕಡಿಯಿತು ಎಂಬುದೂ ನಿಜ. ಈಗ ಉಳಿದಿರುವುದು ಕಣ್ಣಿನ ನಂಟು, ಮೆಟ್ಟಿಲಿನ ನಂಟು. ಅದನ್ನೂ ಕಳೆದುಕೊಂಡರೆ ಇಟಲಿಯಿಂದ ತಂದ ಸಾಮಾನು ತುಂಬಿದ ಒಂದು ದೊಡ್ಡ ಪೆಟ್ಟಿಗೆ ಮಾತ್ರ ಉಳಿಯುತ್ತದೆ.

ಸಮುದ್ರ ಏರುತ್ತಿದೆ ಎಂಬುದರಲ್ಲಿ ಈ ಊರಿನಲ್ಲಿ ಯಾರಿಗೂ ಸಂಶಯ ಉಳಿದಿಲ್ಲ. ನಿಮ್ಮ ಕೌಂಟಿಯೂ ಸದಸ್ಯನಾಗಿರುವ ಆಗ್ನೇಯ ಫ್ಲಾರಿಡಾದ ಪ್ರಾದೇಶಿಕ ಹವಾಮಾನ ಒಕ್ಕೂಟ 2019ರಲ್ಲಿ ಕೊಟ್ಟ ಅಂದಾಜಿನಂತೆ, 2000ನೇ ಇಸವಿಯ ಮಟ್ಟಕ್ಕೆ ಹೋಲಿಸಿದರೆ 2040ರ ಹೊತ್ತಿಗೆ ನೀರು 10ರಿಂದ 17 ಇಂಚು ಮೇಲೇರಲಿದೆ. 2020ರಲ್ಲಿ ಸೇನೆಯ ಎಂಜಿನಿಯರ್ ದಳ ಈ ತೀರವನ್ನು ಚಂಡಮಾರುತದ ಅಲೆಗಳಿಂದ ಕಾಪಾಡಲೆಂದು ಸುಮಾರು 460 ಕೋಟಿ ಡಾಲರಿನ ಕರಡು ಯೋಜನೆಯನ್ನು ಮುಂದಿಟ್ಟಾಗ, ಅದರಲ್ಲಿದ್ದ ಎತ್ತರದ ಗೋಡೆಗಳನ್ನು ಜನರು ವಿರೋಧಿಸಿದರು. ಕೌಂಟಿಯೂ ಬೇರೆ ದಾರಿ ಹುಡುಕಬೇಕೆಂದು ಕೇಳಿತು. ಆ ನಿರ್ಧಾರಕ್ಕಾಗಿ ನಿಮಗೆ ಕೃತಜ್ಞತೆ ಹೇಳುತ್ತೇನೆ. ಆದರೆ ಗೋಡೆಯ ಆಲೋಚನೆ ಸುಲಭವಾಗಿ ಸಾಯುವಂಥದ್ದಲ್ಲ. ಪ್ರತಿ ಚಂಡಮಾರುತದ ಮರುದಿನ ಅದು ಎದ್ದು ಬರುತ್ತದೆ. ಈಚೆಗೆ ಒಂದು ಸಾರ್ವಜನಿಕ ಸಭೆಯಲ್ಲಿ ಕುಳಿತಿದ್ದಾಗ, ತೀರದ ಹಳೆಯ ಕಟ್ಟಡಗಳ ರಕ್ಷಣೆಗೆ ಗೋಡೆಯೊಂದೇ ಖಚಿತವಾದ ಉಪಾಯ ಎಂದು ಒಬ್ಬರು ಮಾತನಾಡಿದರು. ಸಭೆ ಚಪ್ಪಾಳೆ ತಟ್ಟಿತು. ಅಂದು ರಾತ್ರಿಯೇ ಈ ಪತ್ರ ಬರೆಯಲು ಕುಳಿತೆ.

ಗೋಡೆ ವಿಸ್ಕಾಯಾವನ್ನು ಉಳಿಸುವುದಿಲ್ಲ ಎಂದು ನಾನು ಹೇಳುವುದು ಭಾವುಕತೆಯಿಂದಲ್ಲ. ಮಿಯಾಮಿಯ ಅಡಿಯಲ್ಲಿರುವುದು ಸುಣ್ಣಕಲ್ಲು, ಅದೂ ಸ್ಪಂಜಿನಂತೆ ರಂಧ್ರ ತುಂಬಿದ ಕಲ್ಲು. ಮುಂದೆ ಎಷ್ಟೇ ಎತ್ತರದ ಗೋಡೆ ಕಟ್ಟಿದರೂ ಉಬ್ಬರದ ನೀರು ಅದರ ಬುಡದ ಕಲ್ಲಿನೊಳಗಿಂದ ಹಾದು ಹಿಂದೆ ತೇಲಿ ಬರುತ್ತದೆ. ಚಂಡಮಾರುತ ತಳ್ಳಿ ತರುವ ದೊಡ್ಡ ಅಲೆಯನ್ನು ಗೋಡೆ ಕೆಲವು ಗಂಟೆ ತಡೆಯಬಹುದು. ವರ್ಷದಿಂದ ವರ್ಷಕ್ಕೆ ಏರುವ ನೀರನ್ನು ತಡೆಯಲಾರದು. ಮೇಲಾಗಿ ಆಕಾಶದಿಂದ ಬಿದ್ದ ಮಳೆನೀರು ಗೋಡೆಯ ಒಳಗೇ ನಿಲ್ಲುತ್ತದೆ. ಆಗ ಪಂಪು ಬೇಕು, ಪಂಪಿಗೆ ಕರೆಂಟು ಬೇಕು, ಬಿರುಗಾಳಿಯ ರಾತ್ರಿ ಮೊದಲು ಹೋಗುವುದೇ ಕರೆಂಟು. ಇದರ ನಡುವೆ ಸಿಕ್ಕಿ ಬೀಳುವುದು ತೋಟದ ಬೇರುಗಳು.

ತೋಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮನೆಗಿಂತ ಮೊದಲು ಸೋಲುವುದು ಅದು. ಕೊಲಂಬಿಯದಲ್ಲಿ ಹುಟ್ಟಿ ಫ್ಲಾರೆನ್ಸಿನಲ್ಲಿ ಕಲಿತ ಡಿಯೇಗೊ ಸುವಾರೆಸ್ ಈ ತೋಟದ ವಿನ್ಯಾಸಕ. ಮೊದಲು ಇಟಲಿಯ ರೂಢಿಯಂತೆ ಮನೆಯ ದಕ್ಷಿಣಕ್ಕೆ ನೋಟ ನೀರಿನವರೆಗೂ ಚಾಚುವ ನಕ್ಷೆ ಮಾಡಿದ್ದನಂತೆ. ಇಲ್ಲಿಗೆ ಬಂದು ನಿಂತು ನೋಡಿದರೆ, ದಕ್ಷಿಣದ ಲಗೂನಿನ, ಅಂದರೆ ಹಿನ್ನೀರಿನ ಕೊಳದ, ನೀರಿನ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ರಾಚುತ್ತಿತ್ತು, ಕಣ್ಣು ಬಿಡಲಾಗುತ್ತಿರಲಿಲ್ಲ. ಇಟಲಿಯ ಸೂರ್ಯನೇ ಬೇರೆ, ಇಲ್ಲಿನ ಸೂರ್ಯನೇ ಬೇರೆ. ಆಗ ಸುವಾರೆಸ್ ನಕ್ಷೆ ಬದಲಿಸಿ, ನೋಟದ ಕೊನೆಯಲ್ಲಿ ಮಣ್ಣಿನ ಒಂದು ದಿಬ್ಬ ಎಬ್ಬಿಸಿ, ಅದರ ಮೇಲೆ ಓಕ್ ಮರಗಳನ್ನು ನೆಟ್ಟು, ನಡುವೆ ಕ್ಯಾಸಿನೊ ಎಂಬ ಪುಟ್ಟ ವಿಹಾರಗೃಹವನ್ನು ಇರಿಸಿದ. ಝಳ ನಿಂತಿತು, ನೆರಳು ಹುಟ್ಟಿತು. ತೋಟದ ದಾರಿಗಳು ಬಿಚ್ಚಿದ ಬೀಸಣಿಗೆಯಂತೆ ಹರಡಿಕೊಂಡವು. ಸ್ಥಳದ ಬೆಳಕನ್ನು ಅರಿತು ನಕ್ಷೆಯನ್ನೇ ತಿದ್ದಿಕೊಂಡ ಈ ಪ್ರಸಂಗವನ್ನು ನಾನು ಕಿರಿಯ ಎಂಜಿನಿಯರ್‌ಗಳಿಗೆ ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ಗಿಡಗಳಲ್ಲಿಯೂ ಅದೇ ವಿವೇಕ. ಯುರೋಪಿನ ತೋಟಗಳಲ್ಲಿ ಕತ್ತರಿಸಿ ಅಚ್ಚುಕಟ್ಟು ಮಾಡುವ ಬಾಕ್ಸ್‌ವುಡ್ ಗಿಡಕ್ಕೆ ಇಲ್ಲಿನ ಸೆಕೆ ಆಗಿಬರುವುದಿಲ್ಲ. ಅದರ ಬದಲಿಗೆ ಮಲ್ಲಿಗೆ ಜಾತಿಯ ಗಿಡವನ್ನು ಬೇಲಿಯಾಗಿ ಬೆಳೆಸಿ ಸುರುಳಿ ಸುರುಳಿಯಾಗಿ ಕತ್ತರಿಸಿದ್ದಾರೆ. ಇಟಲಿಯ ಚಿತ್ತಾರಕ್ಕೆ ಮಲ್ಲಿಗೆಯ ಗೆರೆ! ಮೊದಲ ಸಲ ಅದನ್ನು ತಿಳಿದಾಗ ನನಗಾದ ಸಂತೋಷವನ್ನು ಕನ್ನಡದ ಓದುಗರು ಊಹಿಸಬಲ್ಲರು. ಆದರೆ ಈ ಗಿಡಗಳ ಬೇರು ಉಪ್ಪುನೀರನ್ನು ಬಹುಕಾಲ ಸಹಿಸುವುದಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಜೌಗನ್ನು ತುಂಬಿಸಿ ಎಬ್ಬಿಸಿದ ನೆಲ ಅದು. ಕೊಲ್ಲಿಯ ಮಟ್ಟಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲ. ನಾನು ಹೋದಾಗಲೆಲ್ಲ ಕೊಲ್ಲಿಗೆ ಹತ್ತಿರದ ಸಾಲುಗಳಲ್ಲಿ ಎಲೆಯ ಅಂಚು ಸುಟ್ಟಂತೆ ಕಂದಾಗಿರುವುದನ್ನು ನೋಡುತ್ತೇನೆ. ತೋಟಗಾರರು ಅವುಗಳನ್ನು ತೆಗೆದು ಹೊಸದು ನೆಡುತ್ತಾರೆ, ಮುಂದಿನ ಬಾರಿ ನೋಡಿದರೆ ಮತ್ತೆ ಕಂದು.

ಇನ್ನು ಕಲ್ಲು. ತೋಟದ ಕಟ್ಟೆ, ಮೆಟ್ಟಿಲು, ಕಂಬ, ಗುಹೆಗಳಿಗೆ ಬಳಸಿರುವುದರಲ್ಲಿ ಬಹುಪಾಲು ಈ ನೆಲದ್ದೇ ಸುಣ್ಣಕಲ್ಲು, ಹವಳದ ಅಚ್ಚುಗಳು ಎದ್ದು ಕಾಣುವ ಕಲ್ಲು. ನಮ್ಮ ಕರಾವಳಿಯ ಜಂಬಿಟ್ಟಿಗೆಯ ಹಾಗೆ ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಜಾತಿ. ಅದರ ರಂಧ್ರಗಳಲ್ಲಿ ಉಪ್ಪುನೀರು ಹೊಕ್ಕು ಒಣಗಿದಾಗ ಉಪ್ಪಿನ ಹರಳು ಬೆಳೆಯುತ್ತದೆ; ಹರಳು ಬೆಳೆದಂತೆ ಕಲ್ಲಿನ ಮೈ ಪುಡಿಪುಡಿಯಾಗಿ ಉದುರುತ್ತದೆ. ಕೆಲವು ವಿಗ್ರಹಗಳ ಮೂಗು, ಬೆರಳು, ಬಟ್ಟೆಯ ಮಡಿಕೆ ಹೀಗೆಯೇ ಕರಗಿ ಹೋಗಿರುವುದನ್ನು ಯಾರು ಬೇಕಾದರೂ ನೋಡಬಹುದು. ಇಂಥ ಕಲ್ಲಿಗೆ ಎಲ್ಲಿಯಾದರೂ ಗಟ್ಟಿ ಸಿಮೆಂಟಿನ ತೇಪೆ ಹಾಕಿದರೆ ತೇವ ಹೊರಬರಲು ದಾರಿ ಸಿಗದೆ ಕಲ್ಲೇ ಒಡೆಯುತ್ತದೆ. ಕಲ್ಲಿಗಿಂತ ಮೆತ್ತಗಿರುವ ಸುಣ್ಣದ ಗಾರೆಯೇ ಬೇಕು. ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸದಾಗಿ ತುಂಬಲು ಕೈಯೂ ಬೇಕು. ದುಬಾರಿ ಯಂತ್ರ ಇದಕ್ಕೆ ಬೇಡ. ಕೆಲಸ ಬಲ್ಲವರು ಮತ್ತು ಪ್ರತಿವರ್ಷ ತಪ್ಪದೆ ಬರುವ ಹಣ, ಇವೆರಡು ಸಾಕು.

ಮನೆಯ ಮುಂದೆ ನೀರಿನಲ್ಲಿ ನಿಂತಿರುವ ಕಲ್ಲಿನ ದೋಣಿಯ ಬಗ್ಗೆ ಬರೆಯುವಾಗ ನನ್ನ ಕೈ ಸ್ವಲ್ಪ ಬಿಗಿಯಾಗುತ್ತದೆ. ಅಲೆಗಳನ್ನು ಮುರಿಯಲು ಒಂದು ಒಡ್ಡು ಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಬಂಡೆ ಸುರಿದು ಕೈತೊಳೆದುಕೊಳ್ಳುತ್ತಿದ್ದರು. ಇವರು ಒಡ್ಡನ್ನೇ ನಾವೆಯ ಆಕಾರದಲ್ಲಿ ಕಟ್ಟಿ, ಅದರ ಮೇಲೆ ಅಲೆಗ್ಸಾಂಡರ್ ಸ್ಟರ್ಲಿಂಗ್ ಕಾಲ್ಡರ್ ಕೈಯಿಂದ ಜಲಕನ್ಯೆಯರ, ಕಡಲ ಜೀವಿಗಳ ಶಿಲ್ಪಗಳನ್ನು ಮಾಡಿಸಿದರು. ಗಾಳಿಗೆ ತೂಗುವ ಲೋಹದ ಶಿಲ್ಪಗಳಿಂದ ಹೆಸರಾದ ಕಾಲ್ಡರನ ತಂದೆ ಈತ. ಆ ದೋಣಿಯ ಮೇಲೆ ಒಂದು ಕಾಲಕ್ಕೆ ಮರಗಿಡಗಳೂ ಇದ್ದವು. ನನ್ನ ದೃಷ್ಟಿಯಲ್ಲಿ ವಿಸ್ಕಾಯಾದ ಹೃದಯ ಅದೇ: ಕಡಲಿನ ಪೆಟ್ಟನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ, ಕಡಲನ್ನು ಮರೆಮಾಡುವುದೂ ಇಲ್ಲ. ನೂರು ವರ್ಷದ ಹಿಂದೆಯೇ ಅವರಿಗೆ ಉತ್ತರ ಗೊತ್ತಿತ್ತು. ಆ ದೋಣಿ ಈಗ ಎಲ್ಲಕ್ಕಿಂತ ಹೆಚ್ಚು ಸವೆದಿದೆ. ಪ್ರತಿ ಚಂಡಮಾರುತದ ಮೊದಲ ಏಟು ಅದಕ್ಕೆ. ಶಿಲ್ಪಗಳ ಮುಖ ದೂರದಿಂದ ಗುರುತಿಗೂ ಸಿಗುತ್ತಿಲ್ಲ.

ಈ ಮನೆ ಪೆಟ್ಟು ತಿಂದಿರುವುದು ಒಂದೆರಡು ಸಲವಲ್ಲ. ಡೀರಿಂಗ್ 1925ರಲ್ಲಿ ತೀರಿಕೊಂಡ. ಮರುವರ್ಷ ಸೆಪ್ಟೆಂಬರಿನಲ್ಲಿ ಬಂದ ಮಹಾ ಚಂಡಮಾರುತ ತೋಟವನ್ನು ಮಗುಚಿ ಹಾಕಿತು. 1935ರಲ್ಲಿ ಮತ್ತೊಂದು. ಆಮೇಲೆ 1992ರ ಆ್ಯಂಡ್ರೂ, 2005ರ ಕತ್ರಿನಾ ಮತ್ತು ವಿಲ್ಮಾ, 2017ರ ಇರ್ಮಾ. ಇರ್ಮಾ ಬಂದಾಗ ಕೊಲ್ಲಿಯ ನೀರು ನೆಲಮಾಳಿಗೆಗೆ ನುಗ್ಗಿ ಉಪಾಹಾರಗೃಹ, ಅಂಗಡಿ ಎಲ್ಲವನ್ನೂ ಮುಳುಗಿಸಿತು. ಚಂಡಮಾರುತದಿಂದ ಕಳೆದುಕೊಂಡದ್ದಕ್ಕಿಂತ ಮಾರಾಟದಿಂದ ಕಳೆದುಕೊಂಡದ್ದು ಹೆಚ್ಚು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ದಕ್ಷಿಣದಲ್ಲಿ ದ್ವೀಪ, ಸೇತುವೆ, ಕಾಲುವೆಗಳಿಂದ ಕೂಡಿದ ಲಗೂನ್ ತೋಟ ಇತ್ತು. ಆ ಭೂಮಿ 1940ರ ದಶಕದಲ್ಲಿ ಕೈಬಿಟ್ಟುಹೋಗಿ, ಇಂದು ಅಲ್ಲಿ ಆಸ್ಪತ್ರೆ ನಿಂತಿದೆ. ಆಸ್ಪತ್ರೆಯ ಬಗ್ಗೆ ನನ್ನ ದೂರಿಲ್ಲ. ಅರ್ಧ ಕಳೆದುಕೊಂಡ ತೋಟದಲ್ಲಿ ಉಳಿದರ್ಧದ ಬೆಲೆ ಎರಡರಷ್ಟು ಎಂದಷ್ಟೇ ಹೇಳುತ್ತಿದ್ದೇನೆ. 1952ರಲ್ಲಿ ಡೀರಿಂಗ್‌ನ ವಾರಸುದಾರರಿಂದ 10 ಲಕ್ಷ ಡಾಲರಿಗೆ ಕೌಂಟಿ ಇದನ್ನು ಕೊಂಡಾಗ, 1953ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದಾಗ, ನಿಮ್ಮ ಹಿಂದಿನವರು ದೊಡ್ಡ ಕೆಲಸ ಮಾಡಿದರು. 1994ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮನ್ನಣೆಯೂ ಸಿಕ್ಕಿತು. ಅದನ್ನು ಉಳಿಸಿಕೊಳ್ಳುವ ಸರದಿ ಈಗ ನಿಮ್ಮದು.

ಹಾಗಾದರೆ ನನ್ನ ಬೇಡಿಕೆ ಏನು? ಎಲ್ಲಕ್ಕಿಂತ ಮೊದಲನೆಯದು, ಪೂರ್ವದ ಕಲ್ಲುಹಾಸಿನಿಂದ ಕೊಲ್ಲಿಯವರೆಗಿನ ನೋಟವನ್ನೂ ಮೆಟ್ಟಿಲುಗಳನ್ನೂ ಮನೆಯ ಒಳಗಿನ ವರ್ಣಚಿತ್ರಗಳಷ್ಟೇ ಪವಿತ್ರ ಎಂದು ಲಿಖಿತವಾಗಿ ಘೋಷಿಸಿ. ಯಾವ ರಕ್ಷಣಾ ಯೋಜನೆ ಬಂದರೂ ಆ ನೋಟವನ್ನು ಮುಚ್ಚುವಂತಿಲ್ಲ ಎಂಬ ಷರತ್ತನ್ನು ಈಗಲೇ ಬರೆದಿಡಿ. ಚಂಡಮಾರುತದ ಮರುದಿನ ಭಯದಲ್ಲಿ ಕುಳಿತವರ ಕೈಯಲ್ಲಿ ಆ ನಿರ್ಧಾರವನ್ನು ಬಿಡಬೇಡಿ.

ಕಲ್ಲಿನ ದೋಣಿಯನ್ನು ಅಲಂಕಾರದ ಲೆಕ್ಕದಿಂದ ತೆಗೆದು ತೀರರಕ್ಷಣೆಯ ಲೆಕ್ಕಕ್ಕೆ ಸೇರಿಸಿ. ಅದು ಅಲೆಯೊಡ್ಡು, ಅದರ ಬುಡವನ್ನು ಭದ್ರಪಡಿಸುವ ಖರ್ಚನ್ನು ತೀರರಕ್ಷಣೆಯ ಹಣದಿಂದ ಕೇಳುವುದು ನ್ಯಾಯವಾಗಿದೆ. ದೋಣಿಯ ಎರಡು ಬದಿಗೆ, ನೀರಿನ ಮಟ್ಟದಲ್ಲಿ, ತಗ್ಗಾದ ಬಂಡೆಯ ಸಾಲು ಮತ್ತು ಕಾಂಡ್ಲಾ ಗಿಡಗಳ ಮೂಲಕ ಅಲೆಯ ಬಲವನ್ನು ಇನ್ನಷ್ಟು ಕುಗ್ಗಿಸಬಹುದು. ಮನೆಯ ಉತ್ತರಕ್ಕೂ ದಕ್ಷಿಣಕ್ಕೂ ಉಳಿದಿರುವ ಕಾಂಡ್ಲಾ ಪಟ್ಟಿಯನ್ನು ನೋಟಕ್ಕೆ ಅಡ್ಡಿ ಎಂದು ತಿಳಿಯುವವರಿದ್ದಾರೆ. ಫ್ಲಾರಿಡಾ ರಾಜ್ಯ 1996ರಲ್ಲಿಯೇ ಅದನ್ನು ಕಡಿಯುವುದಕ್ಕೆ ಕಾನೂನಿನ ಕಡಿವಾಣ ಹಾಕಿದೆ. ಕಾನೂನು ಕಡಿಯಬೇಡ ಎನ್ನುವುದಷ್ಟೇ ಸಾಲದು, ನೀವು ನೆಡಬೇಕು. ಬೇರಿನ ಜಾಲದಿಂದ ಅಲೆಯನ್ನು ಸುಸ್ತು ಮಾಡಿ, ಮಣ್ಣನ್ನು ಹಿಡಿದು, ನೀರಿನ ಜೊತೆ ತಾನೂ ಏರುವ ಗೋಡೆ ಅದೊಂದೇ.

ಹಾಗೆಯೇ ಪಶ್ಚಿಮದ ಕಾಡು. ಮನೆಗೆ ಜಾಗ ಬೇಕೆಂದು ಆ ಕಾಡನ್ನು ಕಡಿಯಲು ಡೀರಿಂಗ್ ಒಪ್ಪಲಿಲ್ಲ. ಅದಕ್ಕಾಗಿಯೇ ಮನೆ ತೀರದ ಅಂಚಿಗೆ ಸರಿಯಿತು. ಗಂಬೊ ಲಿಂಬೊ, ಓಕ್, ಮಾಸ್ಟಿಕ್, ಆಲದ ಜಾತಿಯ ಮರಗಳಿರುವ ಇಂಥ ಸುಣ್ಣಕಲ್ಲಿನ ಕಾಡು ದಕ್ಷಿಣ ಫ್ಲಾರಿಡಾದಲ್ಲಿ ಈಗ ಬೆರಳೆಣಿಕೆಯ ತುಂಡುಗಳಲ್ಲಿ ಉಳಿದಿದೆ. ವಾಹನ ನಿಲ್ಲಿಸಲು ಇನ್ನೂ ಜಾಗ ಬೇಕೆಂಬ ಮಾತು ಬಂದಾಗಲೆಲ್ಲ ಅದರ ಕಡೆ ಯಾರೂ ಕೈ ತೋರಿಸದಂತೆ ನೋಡಿಕೊಳ್ಳಿ. ಮೆಟ್ರೊ ರೈಲಿನ ನಿಲ್ದಾಣ ನಡೆಯುವಷ್ಟು ದೂರದಲ್ಲಿಯೇ ಇದೆ, ಅದೂ ಇದೇ ಹೆಸರಿನದು.

ನೆಲಮಾಳಿಗೆಯ ವಿಷಯದಲ್ಲಿ ನನ್ನ ಸಲಹೆ ಕೆಲವರಿಗೆ ವಿಚಿತ್ರ ಅನ್ನಿಸಬಹುದು: ಅದನ್ನು ನೀರಿಗೆ ಬಿಟ್ಟುಕೊಡಿ. ನೆನೆದರೆ ಕೆಡುವ ಯಾವುದನ್ನೂ ಅಲ್ಲಿ ಇಡಬೇಡಿ. ವಿದ್ಯುತ್ ಪೆಟ್ಟಿಗೆ, ಯಂತ್ರ, ದಾಖಲೆ, ವ್ಯಾಪಾರ ಎಲ್ಲವೂ ಮೇಲಕ್ಕೆ ಅಥವಾ ರಸ್ತೆಯಾಚೆ ಇದೇ ಎಸ್ಟೇಟಿನ ಭಾಗವಾದ ವಿಸ್ಕಾಯಾ ವಿಲೇಜ್ ಕಟ್ಟಡಗಳಿಗೆ ಹೋಗಲಿ. ನೀರು ಬಂದಾಗ ಬಂದು, ಇಳಿಯುವಾಗ ಇಳಿದು, ಸಿಹಿನೀರಿನಲ್ಲಿ ತೊಳೆದು ಒಣಗಿಸಬಹುದಾದ ನೆಲ, ಗೋಡೆ ಅಲ್ಲಿರಲಿ. ಅರ್ಧ ಒಳಗೆ, ಅರ್ಧ ಹೊರಗೆ ಇರುವ ಈಜುಕೊಳದ ಛಾವಣಿಯಲ್ಲಿ ರಾಬರ್ಟ್ ವಿಂತ್ರಾಪ್ ಚಾನ್ಲರ್ ಮಾಡಿದ ಕಡಲಾಳದ ಚಿತ್ರಣ ಇದೆಯಲ್ಲ, ಮೇಲಕ್ಕೆ ಒಯ್ಯಲಾಗದ್ದು ಅದೊಂದೇ. ಅದಕ್ಕೆ ಪ್ರತ್ಯೇಕ ಯೋಜನೆ, ಪ್ರತ್ಯೇಕ ಹಣ ಬೇಕು. ಇಂದೇ ಅದರ ಅಂಗುಲ ಅಂಗುಲವನ್ನೂ ಅಳೆದು, ಚಿತ್ರ ತೆಗೆದು ಇಡಬೇಕು. ತೋಟದ ಪ್ರತಿಯೊಂದು ಶಿಲ್ಪಕ್ಕೂ ಇದೇ ರೀತಿ ವರ್ಷಕ್ಕೊಮ್ಮೆ ಅಳತೆಯ ದಾಖಲೆ ಮಾಡಿ, ಅದನ್ನು ಸಾರ್ವಜನಿಕರ ಮುಂದಿಡಿ. ಎಷ್ಟು ಸವೆದಿದೆ ಎಂದು ಜನರಿಗೆ ಕಣ್ಣಾರೆ ಕಂಡರೆ ಹಣ ಕೊಡಲು ಅವರು ಹಿಂಜರಿಯುವುದಿಲ್ಲ. 2004ರಲ್ಲಿ ಸಾರ್ವಜನಿಕ ಕೆಲಸಗಳಿಗಾಗಿ ಸಾಲ ಎತ್ತುವ ನಿಮ್ಮ ಬಾಂಡ್ ಯೋಜನೆಗೆ ಮತ ಹಾಕಿದವರು ಇದೇ ಜನ. ಅದರ ಪ್ರಯೋಜನ ವಿಸ್ಕಾಯಾಕ್ಕೂ ದೊರೆಯಿತು.

ಹಣ ಎಂದೆ. ಕಟ್ಟಡ ರಿಪೇರಿಗೆ ದೊಡ್ಡ ಮೊತ್ತ ಒಮ್ಮೆಲೇ ಬರುವುದು ಸಾಮಾನ್ಯವಾಗಿ ಅನಾಹುತದ ನಂತರ. ತೋಟಕ್ಕೆ ಅದು ಹೊಂದುವುದಿಲ್ಲ. ತೋಟ ಎಂಬುದು ದಿನವೂ ಉಣ್ಣುವ ಜೀವ. ಸುಮಾರು 10 ಎಕರೆಯ ಅಲಂಕೃತ ತೋಟಕ್ಕೆ ಬೇಕಾದಷ್ಟು ತೋಟಗಾರರು, ಸುಣ್ಣದ ಗಾರೆ ಬಲ್ಲ ಇಬ್ಬರು ಮೂವರು ಕಲ್ಲುಕುಟಿಗರು, ಅವರ ಕೈಕೆಳಗೆ ಕಲಿಯುವ ಹುಡುಗ ಹುಡುಗಿಯರು, ಇವರ ಸಂಬಳ ಕೌಂಟಿಯ ವಾರ್ಷಿಕ ಬಜೆಟ್ಟಿನಲ್ಲಿ ಕಾಯಂ ಸಾಲಾಗಿ ಬರಬೇಕು. ಗುತ್ತಿಗೆಗೆ ಬಂದು ಹೋಗುವವರಿಂದ ಈ ಕೆಲಸ ಆಗುವುದಿಲ್ಲ.

ಕಲ್ಲುಕುಟಿಗರ ಮಾತು ಬಂದದ್ದರಿಂದ ಇನ್ನೊಂದು ಕೋರಿಕೆ. ಈ ಮನೆ ಕಟ್ಟುವಾಗ ಮಿಯಾಮಿಯ ಜನಸಂಖ್ಯೆ ಸುಮಾರು 10,000. ಕೆಲಸ ಭರದಿಂದ ಸಾಗುತ್ತಿದ್ದಾಗ ಇಲ್ಲಿ ಸುಮಾರು 1,000 ಮಂದಿ ದುಡಿಯುತ್ತಿದ್ದರು ಎನ್ನುತ್ತಾರೆ. ಅವರಲ್ಲಿ ಬಹಾಮಾ ದ್ವೀಪಗಳಿಂದ ಬಂದ ಕಪ್ಪು ಜನರ ಪಾಲು ದೊಡ್ಡದು. ಇಲ್ಲಿನ ಸುಣ್ಣಕಲ್ಲನ್ನು ಹೇಗೆ ಕಡಿಯಬೇಕು, ಯಾವ ಗಿಡ ಯಾವ ಮಣ್ಣಿಗೆ ಒಗ್ಗುತ್ತದೆ ಎಂಬ ಅರಿವು ಅವರ ಕೈಯಲ್ಲಿತ್ತು. ಅವರ ದ್ವೀಪದ ಕಲ್ಲೂ ಬಿಸಿಲೂ ಇಂಥದ್ದೇ. ಅವರ ಕಥೆಯನ್ನು ಹೇಳುವ ಪ್ರಯತ್ನ ಈಚಿನ ವರ್ಷಗಳಲ್ಲಿ ನಡೆದಿದೆ, ಅದನ್ನು ಮೆಚ್ಚುತ್ತೇನೆ. ಆದರೆ ದಾಖಲೆಗಳಲ್ಲಿ ಸಿಕ್ಕಿರುವ ಅವರ ಹೆಸರುಗಳು ಕೊಲ್ಲಿಯ ಕಡೆಯ ಕಲ್ಲುಹಾಸಿನ ಬಳಿಯೇ, ಎಲ್ಲರೂ ನಿಂತು ಚಿತ್ರ ತೆಗೆಸಿಕೊಳ್ಳುವ ಜಾಗದಲ್ಲಿಯೇ, ಕಲ್ಲಿನಲ್ಲಿ ಕಾಣಬೇಕು. ಅವರು ಹಾಕಿದ ಕಲ್ಲಿನ ಮೇಲೆಯೇ ನಾವು ನಿಂತಿರುತ್ತೇವೆ.

ಒಂದು ಸಣ್ಣ ಬದಲಾವಣೆಗೆ ಖರ್ಚೇ ಇಲ್ಲ. ಮಾರ್ಗದರ್ಶಕರು ಜನರನ್ನು ಮೊದಲು ಮನೆಯ ಪಕ್ಕದಿಂದ ಸುತ್ತಿಸಿ ಕೊಲ್ಲಿಯ ಅಂಚಿಗೆ ಕರೆದೊಯ್ಯಲಿ. ಅಲ್ಲಿ ಕಲ್ಲಿನ ದೋಣಿಯ ಕಡೆಗೆ ಮುಖ ಮಾಡಿಸಿ ಎರಡು ಮಾತು ಹೇಳಿ, ಆಮೇಲೆ ಪೂರ್ವದ ಕಮಾನುಗಳ ಮೂಲಕ ಒಳಗೆ ಕರೆತರಲಿ. ಅಂದು ನಾನು ಅತ್ತೆಗೆ ಇದೇ ಮನೆಯ ಹೆಬ್ಬಾಗಿಲು ಎಂದು ತಿಳಿಸಿದಾಗ ಅವರು ಮತ್ತೆ ಹೊರಗೆ ಬಂದು, ಮೇಲಿನ ಮೆಟ್ಟಿಲಿನ ಮೇಲೆ ಕುಳಿತು, ಬಹಳ ಹೊತ್ತು ನೀರನ್ನೇ ನೋಡಿದರು. ಆ ಮೇಲೆ ಎದ್ದು ಒಳಗೆ ಬಂದು ಮನೆಯನ್ನು ಎರಡನೆಯ ಸಲ ನೋಡಿದರು. ಈ ಸಲ ಅವರು ಕೇಳಿದ ಪ್ರಶ್ನೆಗಳೇ ಬೇರೆಯಾಗಿದ್ದವು.

ಮುಂದಿನ ಅಕ್ಟೋಬರಿನಲ್ಲಿ ಮತ್ತೆ ದೊಡ್ಡ ಉಬ್ಬರ ಬರುತ್ತದೆ. ಅದರ ದಿನ, ಗಂಟೆ ಎಲ್ಲ ಮುಂಚಿತವಾಗಿಯೇ ಪ್ರಕಟವಾಗಿರುತ್ತವೆ. ಆ ಬೆಳಿಗ್ಗೆ ನೀವೆಲ್ಲರೂ, ತೀರರಕ್ಷಣೆಯ ನಕ್ಷೆ ಬರೆಯುವವರನ್ನೂ ಜೊತೆಗೆ ಕರೆದುಕೊಂಡು, ಆ ಮೆಟ್ಟಿಲುಗಳ ಬಳಿಗೆ ಬನ್ನಿ ಎಂದು ವಿನಂತಿಸುತ್ತೇನೆ. ನಾನೂ ಬರುತ್ತೇನೆ. ಕಳೆದ ಬಾರಿ ನೀರು ನಿಂತ ಮೆಟ್ಟಿಲು ಯಾವುದು ಎಂದು ಬರೆದಿಟ್ಟುಕೊಂಡಿದ್ದೇನೆ, ಅಲ್ಲಿಂದಲೇ ಅಳೆಯೋಣ.

ಇತಿ,
ನಿಮ್ಮ ವಿಶ್ವಾಸಿ,
ಮಿಯಾಮಿ-ಡೇಡ್ ಕೌಂಟಿಯ ಒಬ್ಬ ಕನ್ನಡಿಗ ನಿವಾಸಿ